ಮೊಳೆ ಹೊಡೆದವನ ಸಾಕ್ಷಿ

ಮೆದ್ರಾನೊ ಬೀದಿಯ ಈ ಕಟ್ಟಡದಲ್ಲಿ
ಹನ್ನೊಂದು ಜನ ಮನಶ್ಶಾಸ್ತ್ರಜ್ಞರು,
ಒಬ್ಬ ಹಲ್ಲಿನ ಡಾಕ್ಟರು,
ಮತ್ತೆ ಬಾಗಿಲು ಕಾಯುವ ನಾನು, ರುಫೀನೊ.
ಶುಕ್ರವಾರಕ್ಕೊಮ್ಮೆ ಅವರ ಹೆಸರುಗಳನ್ನು ಉಜ್ಜುತ್ತೇನೆ,
ನಿಂಬೆಹೋಳು, ಉಪ್ಪು, ಹಳೆಯ ಬನಿಯನ್ನು.
ಹಿತ್ತಾಳೆ ಫಲಕದ್ದು, ಕಿವಿಯದಲ್ಲ:
ಮೇಲೆ ಆಡಿದ ಒಂದು ಮಾತೂ
ಮೆಟ್ಟಿಲಿಳಿದು ನನ್ನವರೆಗೆ ಬಂದಿಲ್ಲ.
ಬರುವುದು ಕೆಂಪಾದ ಮೂಗು,
ಅಪರೂಪಕ್ಕೆ ನಗು,
ಒಮ್ಮೆ ಯಾರೋ ಮರೆತ ಒಂಟಿ ಕೈಗವಸು.

ಬ್ಯೂನಸ್ ಐರಿಸಿನಲ್ಲಿ ಇಂಥವರಿಗೆ ಬರವಿಲ್ಲ.
ಬ್ರೆಡ್ಡಿನಂಗಡಿಯ ಸಾಲಲ್ಲೂ
"ನನ್ನಾಕೆ ಹೀಗಂದಳು, ನಿನ್ನಾತ ಏನಂದ?" ಅಂತ
ಟೈಲರ ಬಗ್ಗೆ ವಿಚಾರಿಸಿದ ಹಾಗೆ ವಿಚಾರಿಸುತ್ತಾರೆ.
ಆದರೂ ಬೇಕಾದವನಿಗೆ
ಬೇಕಾದ ದಿನ
ಒಂದು ಬಾಗಿಲು ಸಿಕ್ಕುವುದು ಎಷ್ಟು ಕಷ್ಟ,
ಬಾಗಿಲ ಬಳಿ ನಿಂತವನಿಗೆ ಗೊತ್ತು.

ಆತ ಮೊದಲು ಬಂದದ್ದು ಜೂನಿನ ಚಳಿಯಲ್ಲಿ.
ಕರೆಗಂಟೆಯ ಗುಂಡಿಗಳ ಮುಂದೆ ನಿಂತ,
ಲಾಟರಿ ನಂಬರು ತಾಳೆ ನೋಡುವವನಂತೆ.
ಒತ್ತಲಿಲ್ಲ. ಹೋದ.
ಮರು ಮಂಗಳವಾರ ಮತ್ತೆ. ಒತ್ತಲಿಲ್ಲ.
ಮೂರನೆಯ ಮಂಗಳವಾರ ನಾನು ಜಗಲಿಗಲ್ಲು ತೊಳೆಯುತ್ತಿದ್ದೆ,
ಅವನ ಬೂಟು ನೆನೆಯದಿರಲೆಂದು ಪೈಪು ಓರೆ ಮಾಡಿದೆ.
ಆಗ ಕೇಳಿದ:
"ನಾಲ್ಕನೆಯ ಮಹಡಿಯ ಸುಬಿರಿಯಾ...
ಆಕೆಗೆ ನಿಜವಾಗಿ ಲೈಸೆನ್ಸ್ ಇದೆಯೇ?"

ಕೈಯಲ್ಲಿ ಯೂನಿಯನ್ನಿನವರು ಕೊಟ್ಟ ಚೀಟಿ.
ಒಂಬತ್ತು ಹೆಸರು, ಎಂಟಕ್ಕೆ ಗೀಟು.
ಒಬ್ಬರಲ್ಲಿ ಅವನ ವಿಮೆ ನಡೆಯದು.
ಒಬ್ಬರಿಗೆ ನವೆಂಬರಿನ ತನಕ ಪುರಸೊತ್ತಿಲ್ಲ.
ಒಬ್ಬರು ತೀರಿಕೊಂಡಿದ್ದರು, ಫೋನೆತ್ತಿದ ಮಗ ಅತ್ತನಂತೆ,
ಇವನೇ ಅರ್ಧ ಗಂಟೆ ಅವನಿಗೆ ಸಮಾಧಾನ ಹೇಳಿದನಂತೆ.
ಇನ್ನೊಬ್ಬ, ಹರಳು, ನಕ್ಷತ್ರ, ಹಿಂದಿನ ಜನ್ಮ ಅಂದವನು,
ಪರವಾನಗಿಯ ನಂಬರು ಕೇಳಿದರೆ
ಎದ್ದು ಹೋಗಿ ಧೂಪ ಹಚ್ಚಿದನಂತೆ.

"ನನಗೂ ಲೈಸೆನ್ಸ್ ಇದೆ" ಎಂದ ಎಲಾದಿಯೊ.
"ಹತ್ತೊಂಬತ್ತು ವರ್ಷ ರೈಲು ಓಡಿಸಿದ್ದೇನೆ.
ವರ್ಷಕ್ಕೊಮ್ಮೆ ಕಣ್ಣು, ಕಿವಿ, ಒಂದು ಮುದ್ರೆ.
ಆ ಮುದ್ರೆಯನ್ನು ನಂಬಿ
ನನ್ನ ಬೆನ್ನ ಹಿಂದೆ ಸಾವಿರ ಜನ ತೂಕಡಿಸುತ್ತಿದ್ದರು."
ಗಂಟಲ ಪಸೆ ಆರಿತು.
"ಬ್ರೇಕು ಹಾಕಿದೆ" ಎಂದ.
"ನಿಲ್ಲಲು ನಾನೂರು ಮೀಟರು ಬೇಕು.
ಅವಳಿದ್ದದ್ದು ಅರವತ್ತರಲ್ಲಿ.
ಹಸಿರು ಕೋಟು."

ರೈಲು ಹಳಿ ತಪ್ಪಲಿಲ್ಲವಂತೆ.
ತಪ್ಪಿದ್ದು ಯಾವುದೆಂದು
ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಓದಿದ್ದು ಆರನೆಯ ಕ್ಲಾಸು.
ಆಕೆಯ ನಂಬರು ನನಗೇನು ಬಾಯಿಪಾಠವೆ?
ಗೊತ್ತಿದ್ದದ್ದು ಹೇಳಿದೆ:
ಆ ಲೈಸೆನ್ಸಿನ ಚೌಕಟ್ಟಿಗೆ ಮೊಳೆ ಹೊಡೆದವನು ನಾನೇ,
ಸರಕಾರದ ಮುದ್ರೆ ಕಣ್ಣಾರೆ ಕಂಡಿದ್ದೇನೆ.
ಸೊಟ್ಟಗಾಯಿತು, ಎಡಕ್ಕೆ ಒಂದು ಬೆರಳಷ್ಟು.
ಸರಿ ಮಾಡಿಕೊಡುತ್ತೇನೆಂದರೆ ಬೇಡವೆಂದಳು.
ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ,
ಮಾತು ಶುರುವಾಗಲು ಅಷ್ಟು ಸಾಕು ಎಂದಳು.

ಒತ್ತಿದ.
"ಯಾರು?" ಎಂದಿತು ಜಾಲರಿ.
ತನ್ನ ಹೆಸರು ಹೇಳಲು ಅವನಿಗೆ ಹಿಡಿದ ಹೊತ್ತಿನಲ್ಲಿ
ಒಂದು ರೈಲು ನಿಲ್ಲಬಹುದಿತ್ತು.
ಲಿಫ್ಟು ತೆರೆದೇ ಇತ್ತು, ಮೆಟ್ಟಿಲು ಹತ್ತಿದ.

ಫೆಬ್ರವರಿಯಲ್ಲಿ ಹನ್ನೊಂದು ಜನವೂ ಕಡಲಿಗೆ ಹೋಗುತ್ತಾರೆ.
ಬೇಸಗೆ. ಊರು ತನ್ನ ತಲೆಯನ್ನು
ತಾನೇ ನೋಡಿಕೊಳ್ಳಬೇಕು.
ಹಲ್ಲು ಮಾತ್ರ ಕೀಳಿಸಿಕೊಳ್ಳಬಹುದು.
ಮಂಗಳವಾರ ಐದಕ್ಕೆ ಸರಿಯಾಗಿ ಎಲಾದಿಯೊ ಬಂದ.
"ಆಕೆ ಇಲ್ಲ" ಎಂದೆ.
"ಗೊತ್ತು" ಎಂದು ಮೆಟ್ಟಿಲ ಮೇಲೆ ಕೂತ.
ಯೆರ್ಬಾ ಕಷಾಯದ ಬುರುಡೆ ಚಾಚಿದೆ,
ಅವನೊಮ್ಮೆ, ನಾನೊಮ್ಮೆ, ಮತ್ತೆ ಅವನು.
ನನ್ನ ಬಳಿ ಯಾವ ಲೈಸೆನ್ಸೂ ಇಲ್ಲ,
ಹಾಗಾಗಿ ಏನೂ ಕೇಳಲಿಲ್ಲ.
ಪೈಪು ಕೊಟ್ಟು ಹೇಳಿದೆ:
"ಆ ಮೂಲೆಗೆ ಹಿಡಿ, ನಾಯಿ ಗಲೀಜು ಮಾಡಿದೆ."

ಹಿಡಿದ.
ತರಕಾರಿ ಚೀಲದ ಮುದುಕಿಯೊಬ್ಬಳು
ತಿರುವಿನಿಂದ ಬಂದಳು, ನೆಲ ನೋಡುತ್ತ.
ಪೈಪನ್ನು ಮಡಚಿ ಹಿಡಿದ.
ನೀರು ಅಲ್ಲೇ ನಿಂತಿತು.
ಆಕೆ ದಾಟಿದಳು.